‘ಇದ್ದಿದ್ದರೆ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳೋಕೆ ನಾನು ಕಲಿತದ್ದು

ಶುಕ್ರವಾರ ಸಂಜೆ ಕ್ಲೈಂಟ್ ಫೋನ್ ಮಾಡಿ ಟೆಸ್ಟಿಂಗ್ ಮುಗೀತಾ ಅಂತ ಕೇಳಿದರು. ಎದೆ ಧಸಕ್ಕೆಂದಿತು. ಸೋಮವಾರ ನಾನೇ ಮೇಲ್ ಬರೆದಿದ್ದೆ: ‘ಇಫ್ ವಿ ಹ್ಯಾವ್ ಒನ್ ಮೋರ್ ಟೆಸ್ಟರ್, ವಿ ವಿಲ್ ಫಿನಿಷ್ ಬೈ ಫ್ರೈಡೇ.’ ನನ್ನ ಮನಸ್ಸಿನಲ್ಲಿದ್ದದ್ದು ‘ಇನ್ನೊಬ್ಬರು ಇದ್ದಿದ್ದರೆ ಮುಗಿಸುತ್ತಿದ್ದೆವು, ಆದರೆ ಇಲ್ಲವಲ್ಲ’ ಅಂತ. ಅವರಿಗೆ ಅರ್ಥವಾದದ್ದು ‘ಒಬ್ಬರು ಸಿಗಬಹುದು, ಸಿಕ್ಕರೆ ಶುಕ್ರವಾರ ಗ್ಯಾರಂಟಿ’ ಅಂತ. ‘ಹ್ಯಾವ್’ ಬದಲು ‘ಹ್ಯಾಡ್’, ‘ವಿಲ್’ ಬದಲು ‘ವುಡ್’ ಹಾಕಿದ್ದರೆ ಸಾಕಿತ್ತು.

ಓದಿದ್ದು ಕನ್ನಡ ಮೀಡಿಯಂನಲ್ಲಿ. ಈಗಿನ ಮಾತಿಗೆ ‘ಹ್ಯಾಡ್’ ಯಾಕೆ, ಅದು ಭೂತಕಾಲ ಅಲ್ವಾ ಅಂತ ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನಮ್ಮ ಮಾತನ್ನೇ ಗಮನಿಸಿದೆ. ‘ನಾಳೆ ಮಳೆ ಬಂದರೆ’ ಅಂತೀವಿ. ನಾಳೆಯ ಮಳೆಗೆ ‘ಬಂದ’! ಅಲ್ಲಿ ಯಾರೂ ನಿನ್ನೆಯ ಮಳೆ ಅಂದುಕೊಳ್ಳೋದಿಲ್ಲ. ‘ಇಫ್ ವಿ ಹ್ಯಾಡ್’ನಲ್ಲೂ ಹಾಗೆಯೇ. ಆ ‘ಹ್ಯಾಡ್’ ಹೇಳೋದು ಕಾಲವನ್ನಲ್ಲ, ‘ಇದು ನಿಜವಲ್ಲ’ ಅನ್ನೋದನ್ನ.

ನಾವು ಎಡವೋದು ಇನ್ನೊಂದು ಕಡೆ. ‘ದುಡ್ಡಿದ್ದಿದ್ದರೆ ಮನೆ ತಗೊಳ್ತಿದ್ದೆ’ ಅನ್ನೋ ಮಾತು ಈಗಿನ ಕೈ ಖಾಲಿಗೂ ಆಗುತ್ತೆ, ಹೋದ ವರ್ಷದ ಕೈ ಖಾಲಿಗೂ ಆಗುತ್ತೆ. ಇಂಗ್ಲಿಷ್‌ನಲ್ಲಿ ಆರಿಸಲೇಬೇಕು. ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ’. ಹೋದ ವರ್ಷದ್ದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್’. ಬಾಯಿ ತೆರೆಯೋ ಮುಂಚೆ ‘ಈಗಲಾ, ಆಗಲಾ?’ ಅಂತ ನನ್ನನ್ನೇ ಕೇಳಿಕೊಳ್ಳತೊಡಗಿದೆ.

ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮೆಟ್ರೋದಲ್ಲಿ ಒಂದು ಗಂಟೆ ದಾರಿ. ಅದೇ ನನ್ನ ಕ್ಲಾಸು. ಸೀಟು ಸಿಗದ ದಿನ ‘ಇಫ್ ಐ ಹ್ಯಾಡ್ ಎ ಸೀಟ್, ಐ ವುಡ್ ಸ್ಲೀಪ್’. ರೈಲು ತಪ್ಪಿದ ದಿನ ‘ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿ, ಐ ವುಡ್ ಹ್ಯಾವ್ ಕಾಟ್ ಇಟ್’. ‘ಇಫ್ ಐ ವುಡ್ ಹ್ಯಾವ್’ ಅಂತ ‘ಇಫ್’ ಪಕ್ಕದಲ್ಲೇ ‘ವುಡ್’ ತಪ್ಪಾಗಿ ಮತ್ತೆ ಮತ್ತೆ ನುಸುಳುತ್ತಿತ್ತು. ಅದನ್ನ ಬಿಡಿಸೋಕೇ ಎರಡು ತಿಂಗಳು ಹಿಡಿಯಿತು.

‘ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ’ ಅನ್ನೋಕೆ ‘ಇಫ್ ಐ ವರ್ ಯು’ ಅನ್ನೋದನ್ನ ಮಾತ್ರ ಸುಮ್ನೆ ಬಾಯಿಪಾಠ ಮಾಡಿ. ಮಾತಿನಲ್ಲಿ ‘ಇಫ್ ಐ ವಾಸ್’ ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಮೇಲ್‌ನಲ್ಲಿ ನಾನು ‘ವರ್’ ಅಂತಲೇ ಬರೆಯುತ್ತೇನೆ.

ಹೋದ ವಾರ ಅದೇ ಕ್ಲೈಂಟ್‌ಗೆ ಬರೆದೆ: ‘ಇಫ್ ವಿ ಹ್ಯಾಡ್ ಟು ಮೋರ್ ಡೇಸ್, ವಿ ವುಡ್ ಟೆಸ್ಟ್ ಆನ್ ಓಲ್ಡರ್ ಫೋನ್ಸ್ ಟೂ.’ ಹತ್ತು ನಿಮಿಷದಲ್ಲಿ ಉತ್ತರ ಬಂತು: ಎರಡು ದಿನ ಇಲ್ಲ ಅಂತ ಗೊತ್ತು, ಹಳೇ ಫೋನ್‌ಗಳನ್ನ ಮುಂದಿನ ಸಲ ನೋಡೋಣ.