ಮೊದಲು ಸವಾರ, ಆಮೇಲೆ ಸ್ಯಾಗ್, ಕ್ಲಿಕ್ಕರ್ ಕೊನೆಗೆ: ಮೋಟೊಕ್ರಾಸ್ ಬೈಕ್ ಹೊಂದಿಸುವ ನನ್ನ ಕ್ರಮ

ಬೈಕ್ ಹಿಡಿತಕ್ಕೆ ಸಿಗದಿದ್ದಾಗ ಬಹಳಷ್ಟು ಸವಾರರು ಮೊದಲು ಕೈ ಹಾಕುವುದು ಸಸ್ಪೆನ್ಷನ್ ಕ್ಲಿಕ್ಕರ್‌ಗೆ, ಅಂದರೆ ಸಸ್ಪೆನ್ಷನ್ ಚಲನೆಯ ತಡೆಯನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ತಿರುಪಿಗೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. 450 ಸಿಸಿ ಮೋಟೊಕ್ರಾಸ್ ಬೈಕ್ ಪೆಟ್ರೋಲ್ ಸಮೇತ ಹೆಚ್ಚುಕಡಿಮೆ 110 ಕೆಜಿ ತೂಗುತ್ತದೆ. ಹೆಲ್ಮೆಟ್, ಬೂಟು ತೊಟ್ಟ ಸವಾರ 80-85 ಕೆಜಿ ಇರುತ್ತಾನೆ. ಅಂದರೆ ಒಟ್ಟು ಭಾರದಲ್ಲಿ ಐದರಲ್ಲಿ ಎರಡು ಪಾಲು ಸವಾರನದೇ. ಅವನು ಸೊಂಟವನ್ನು ಅರ್ಧ ಅಡಿ ಹಿಂದೆ ಇಟ್ಟರೆ ಮುಂಚಕ್ರದ ಮೇಲಿನ ಭಾರ ಎಷ್ಟು ಕಡಿಮೆಯಾಗುತ್ತದೆಂದರೆ, ಯಾವ ಕ್ಲಿಕ್ಕರೂ ಅದನ್ನು ಸರಿದೂಗಿಸಲಾರದು.

ಹಾಗಾಗಿ ಕೈಕಾಲು ತಾಗುವ ಜಾಗಗಳಿಂದ ಶುರುಮಾಡುತ್ತೇನೆ. ಹ್ಯಾಂಡಲ್‌ಬಾರ್‌ನ ಏರು ಭಾಗ ಮುಂಚಕ್ರ ಹಿಡಿದ ಫೋರ್ಕ್ ಕೊಳವೆಗಳ ಓರೆಗೆ ಸಮನಾಗಿರಬೇಕು. ಹಿಂದಕ್ಕೆ ತಿರುಗಿಸಿಕೊಂಡರೆ ಮೊಣಕೈ ತಾನಾಗಿ ಇಳಿಯುತ್ತದೆ. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ಕುಳಿತು ಅಲ್ಲ, ಪೆಗ್ (ಕಾಲಿಡುವ ಮೆಟ್ಟು) ಮೇಲೆ ನಿಂತು ಹೊಂದಿಸಬೇಕು: ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರಲಿ. ಲಿವರನ್ನು ಒಳಕ್ಕೆ ಸರಿಸಿ, ಅದರ ತುದಿಗೆ ತೋರುಬೆರಳೊಂದೇ ಕೂರುವಂತೆ ಮಾಡುತ್ತೇನೆ. ಉಳಿದ ಮೂರು ಬೆರಳು ಗ್ರಿಪ್ಪಿಗೆ ಮೀಸಲು. ಕ್ಲ್ಯಾಂಪ್ ಬೋಲ್ಟನ್ನು ಪೂರ್ತಿ ಬಿಗಿಯುವುದಿಲ್ಲ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಂಡರೆ ರೇಸ್ ಉಳಿಯುತ್ತದೆ.

ಹಿಂದಿನ ಬ್ರೇಕ್ ಪೆಡಲ್ ಪೆಗ್‌ನ ಮೇಲ್ಮೈಗಿಂತ ಎತ್ತರ ಇದ್ದರೆ ನಿಂತಾಗ ಬೂಟು ಸದಾ ಅದನ್ನು ಒತ್ತಿಕೊಂಡೇ ಇರುತ್ತದೆ. ನಾಲ್ಕಾರು ಸುತ್ತಿನಲ್ಲಿ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಇಂಥ ಕಡೆ ಆಯಿಲ್ ಬದಲಿಸಿ ಫಲವಿಲ್ಲ, ಪೆಡಲ್ಲನ್ನೇ ತಗ್ಗಿಸಬೇಕು.

ಈಗ ನಿಲುವು. ಪಾದದ ಮುಂಭಾಗ ಪೆಗ್ ಮೇಲೆ, ಮೊಣಕಾಲುಗಳ ನಡುವೆ ಬೈಕ್, ಸೊಂಟದಿಂದ ಮುಂದಕ್ಕೆ ಬಾಗಿದ ಮೈ, ಹ್ಯಾಂಡಲ್‌ಬಾರ್ ಮೇಲಕ್ಕೆ ಬಂದ ತಲೆ, ಹೊರಕ್ಕೆ ಎತ್ತಿದ ಮೊಣಕೈ. ಹತ್ತು ಸಲ ವಿಶ್ವ ಚಾಂಪಿಯನ್ ಆದ ಸ್ಟೀಫನ್ ಎವರ್ಟ್ಸ್ ಬೇರೆಯವರು ಕೂರುವ ತಿರುವುಗಳಲ್ಲೂ ನಿಂತೇ ಓಡಿಸುತ್ತಿದ್ದುದು ಬರೀ ಶೈಲಿಗಾಗಿ ಅಲ್ಲ. ನಿಂತವನ ಕಾಲುಗಳು ಎರಡನೇ ಸಸ್ಪೆನ್ಷನ್ ಆಗಿ ಕೆಲಸ ಮಾಡುತ್ತವೆ. ಮೊಣಕಾಲಿನ ಹಿಡಿತ ಸಡಿಲವಾದರೆ ಮೈಯನ್ನು ಹಿಡಿದಿಡುವ ಕೆಲಸ ಕೈಗೆ ಬೀಳುತ್ತದೆ. ಮುಂಗೈ ಸ್ನಾಯು ಊದಿಕೊಂಡು, ಸುತ್ತಲಿನ ಬಿಗಿಯಾದ ಪೊರೆಯೊಳಗೆ ರಕ್ತ ಸರಿಯಾಗಿ ಹರಿಯದೆ ಬೆರಳು ಮರಗಟ್ಟುತ್ತವೆ. ಸವಾರರು ಇದನ್ನು ಆರ್ಮ್ ಪಂಪ್ ಅನ್ನುತ್ತಾರೆ. ಇದಕ್ಕೆ ಫೋರ್ಕನ್ನು ದೂರುವವರು ಹೆಚ್ಚು. ನಾನು ಮೊದಲು ನೋಡುವುದು ಬೂಟಿನ ಒಳಬದಿಯನ್ನು. ಅಲ್ಲಿ ಸವೆತವೇ ಇಲ್ಲದಿದ್ದರೆ ಆ ಸವಾರ ಬೈಕನ್ನು ಕಾಲಿನಿಂದ ಹಿಡಿಯುತ್ತಿಲ್ಲ.

ತಿರುವಿನಲ್ಲಿ ಬ್ರೇಕ್ ಹಾಕುವುದು ಮುಗಿಯುವವರೆಗೂ ನಿಂತಿರಬೇಕು. ಕೂತರೆ ಸೀಟಿನ ನಡುವೆ ಅಲ್ಲ, ಟ್ಯಾಂಕ್ ಹತ್ತಿರಕ್ಕೆ. ಭಾರ ಹೊರಬದಿಯ ಪೆಗ್ ಮೇಲೆ. ಒಳಗಾಲನ್ನು ಮುಂದಕ್ಕೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ, ರೇಡಿಯೇಟರ್ ಪಕ್ಕದಲ್ಲಿ ಇಡಬೇಕು. ಕೆಳಗೆ ಬಿಟ್ಟರೆ ಚಕ್ರಗಳು ಕೊರೆದ ಹಳ್ಳಕ್ಕೆ ಸಿಕ್ಕಿ ಮೊಣಕಾಲು ತಿರುಚುತ್ತದೆ. ಎಲ್ಲಕ್ಕಿಂತ ಮುಖ್ಯ, ಬ್ರೇಕ್ ಬಿಡುವುದಕ್ಕೂ ಥ್ರಾಟಲ್ ತೆರೆಯುವುದಕ್ಕೂ ನಡುವೆ ಖಾಲಿ ಸಮಯ ಇರಬಾರದು. ಬ್ರೇಕ್ ಬಿಟ್ಟು ಸುಮ್ಮನೆ ಉರುಳಿದರೆ ಅದುಮಿದ್ದ ಫೋರ್ಕ್ ಮೇಲೆದ್ದು ಮುಂಚಕ್ರದ ಭಾರ ಹೋಗುತ್ತದೆ, ಬೈಕ್ ಹಳ್ಳ ಬಿಟ್ಟು ಹೊರಜಾರುತ್ತದೆ. ‘ಮುಂಭಾಗ ಕಚ್ಚುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ನಿಲುವು ಒಂದು ಹದಕ್ಕೆ ಬಂದಮೇಲೆ ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಯುತ್ತೇನೆ. ಬೈಕನ್ನು ಸ್ಟ್ಯಾಂಡ್ ಮೇಲಿಟ್ಟು, ಹಿಂಚಕ್ರ ತೇಲಿರುವಾಗ ಆಕ್ಸಲ್‌ನಿಂದ ಹಿಂದಿನ ಮಡ್‌ಗಾರ್ಡ್ ಮೇಲೆ ಗುರುತು ಮಾಡಿದ ಒಂದು ಬಿಂದುವಿಗೆ ಅಳತೆ ತೆಗೆಯಬೇಕು. ಆಮೇಲೆ ನೆಲಕ್ಕಿಳಿಸಿ, ಎರಡು ಮೂರು ಸಲ ಅದುಮಿ ಬಿಟ್ಟು, ಬೈಕ್ ತನ್ನದೇ ಭಾರಕ್ಕೆ ಎಷ್ಟು ಇಳಿಯಿತು ನೋಡಬೇಕು. ಇದು ಸ್ಟ್ಯಾಟಿಕ್ ಸ್ಯಾಗ್. ಮೂರನೆಯದು ರೇಸಿನ ಪೂರ್ತಿ ಉಡುಪಿನಲ್ಲಿ ಸವಾರ ಪೆಗ್ ಮೇಲೆ ನಿಂತಾಗಿನ ಅಳತೆ. ಮೊದಲ ಅಳತೆಗಿಂತ ಅದು ಎಷ್ಟು ಕಡಿಮೆಯೋ ಅದೇ ರೇಸ್ ಸ್ಯಾಗ್. ಅದುಮಿ ಬಿಡದೆ ಅಳೆದರೆ ಹಿಂದಿನ ಸಸ್ಪೆನ್ಷನ್ನಿನ ಜೋಡಣೆಯ (ಲಿಂಕೇಜ್) ಬೇರಿಂಗ್‌ಗಳ ಬಿಗಿತದಿಂದ ಅಳತೆ 4-5 ಮಿ.ಮೀ. ಸುಳ್ಳು ಹೇಳುತ್ತದೆ. ಹಿಂಬದಿಯಲ್ಲಿ ಸುಮಾರು 300 ಮಿ.ಮೀ. ಚಲನೆ ಇರುವ ಬೈಕಿಗೆ ರೇಸ್ ಸ್ಯಾಗ್ 100ರಿಂದ 105 ಮಿ.ಮೀ., ಸ್ಟ್ಯಾಟಿಕ್ 30ರಿಂದ 40 ಮಿ.ಮೀ. ಒಳ್ಳೆಯ ಆರಂಭ.

ಇಲ್ಲಿ ಹಲವರು ಎಡವುವ ಒಂದು ಮಾತಿದೆ. ರೇಸ್ ಸ್ಯಾಗ್ 105ಕ್ಕೆ ತಂದಾಗ ಸ್ಟ್ಯಾಟಿಕ್ ಸ್ಯಾಗ್ 20ಕ್ಕೆ ಇಳಿದಿದ್ದರೆ ಸ್ಪ್ರಿಂಗ್ ಗಟ್ಟಿಯಾಗಿದೆ ಅಂದುಕೊಳ್ಳುತ್ತಾರೆ. ವಾಸ್ತವ ತಿರುಗುಮುರುಗು. ಸ್ಪ್ರಿಂಗ್ ಸವಾರನಿಗೆ ಮೆದುವಾಯಿತು, ಅದಕ್ಕೇ ಅಳತೆ ಮುಟ್ಟಿಸಲು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಬಿಗಿತ) ವಿಪರೀತ ಬಿಗಿಯಬೇಕಾಯಿತು, ಅದಕ್ಕೇ ಬೈಕ್ ಖಾಲಿ ಇರುವಾಗ ಇಳಿಯುತ್ತಿಲ್ಲ. ಅಂಥ ಬೈಕ್ ಬ್ರೇಕ್ ಹಾಕಿದಾಗ ಹಿಂಬದಿಯನ್ನು ಮೇಲಕ್ಕೆ ಎಸೆಯುತ್ತದೆ. ಸ್ಟ್ಯಾಟಿಕ್ 45 ದಾಟಿದರೆ ಸ್ಪ್ರಿಂಗ್ ಗಟ್ಟಿ. ಎರಡಕ್ಕೂ ಮದ್ದು ಸ್ಪ್ರಿಂಗ್ ಬದಲಿಸುವುದು ಮಾತ್ರ.

ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ 2-3 ಮಿ.ಮೀ. ಮೇಲೇರಿಸಿದರೆ ಮುಂಭಾಗ ಇಳಿದು ತಿರುಗುವುದು ಚುರುಕಾಗುತ್ತದೆ, ನೇರ ಹಾದಿಯ ವೇಗದಲ್ಲಿ ಹ್ಯಾಂಡಲ್ ಅಲ್ಲಾಡತೊಡಗುತ್ತದೆ. ಇಳಿಸಿದರೆ ಇದರ ಎದುರು. ಚಕ್ರ ನೆಲ ಬಿಟ್ಟಿರುವಾಗ ಫೋರ್ಕ್ ತಲೆಯ ಬ್ಲೀಡ್ ಸ್ಕ್ರೂ ತೆರೆದು ಕೂಡಿಕೊಂಡ ಗಾಳಿಯನ್ನು ಪ್ರತಿ ರೇಸಿಗೂ ಮುನ್ನ ಬಿಡುತ್ತೇನೆ.

ಈಗ ಕ್ಲಿಕ್ಕರ್. ಪ್ರದಕ್ಷಿಣೆಯಾಗಿ ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಎಷ್ಟು ಕ್ಲಿಕ್ ಹೊರಗಿತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಬಲವಂತವಾಗಿ ಬಿಗಿದರೆ ಒಳಗಿನ ಸೂಜಿ ಕೆಡುತ್ತದೆ. ಸಸ್ಪೆನ್ಷನ್ ಅದುಮಿಕೊಳ್ಳುವಾಗಿನ ತಡೆ ಕಂಪ್ರೆಷನ್, ಮತ್ತೆ ಮೇಲೇಳುವಾಗಿನ ತಡೆ ರೀಬೌಂಡ್. ಲೋ-ಸ್ಪೀಡ್, ಹೈ-ಸ್ಪೀಡ್ ಕಂಪ್ರೆಷನ್ ಅನ್ನುವುದು ಬೈಕಿನ ವೇಗವಲ್ಲ, ಹಿಂದಿನ ಸಸ್ಪೆನ್ಷನ್ ಆದ ಶಾಕಿನ ದಂಡ ಒಳಹೋಗುವ ವೇಗ. ತಿರುವಿನಲ್ಲಿ ಮೈ ಹೊರಳುವುದು, ಥ್ರಾಟಲ್‌ಗೆ ಹಿಂಬದಿ ಕುಸಿಯುವುದು ನಿಧಾನದ ಚಲನೆ. ಚೂಪಾದ ಏಣು ಬಡಿಯುವುದು, ಜಂಪಿನಿಂದ ಸಪಾಟು ನೆಲಕ್ಕೆ ಬೀಳುವುದು ಬಿರುಸಿನ ಚಲನೆ.

ಬ್ರೇಕ್ ಹಾಕುವ ಜಾಗದ ಉಬ್ಬುಗಳಲ್ಲಿ ಹಿಂಬದಿ ಒದೆಯುವುದಕ್ಕೆ ಎರಡು ವಿರುದ್ಧ ಕಾರಣಗಳಿವೆ. ಮೊದಲ ಉಬ್ಬಿಗೇ ಮೇಲೆ ಚಿಮ್ಮಿದರೆ ರೀಬೌಂಡ್ ತೀರಾ ಬಿರುಸು, ಎರಡು ಕ್ಲಿಕ್ ಮುಚ್ಚಬೇಕು. ಮೊದಲ ಎರಡು ಸರಿಯಾಗಿ ದಾಟಿ, ಮೂರು ನಾಲ್ಕನೆಯದಕ್ಕೆ ಗಡುಸಾಗುತ್ತಾ ಬಂದರೆ ರೀಬೌಂಡ್ ತೀರಾ ನಿಧಾನ: ಶಾಕ್ ಪೂರ್ತಿ ಮೇಲೇಳುವ ಮೊದಲೇ ಮುಂದಿನ ಉಬ್ಬು ಬಂದು ಅದು ಒಳಗೇ ಹೂತುಹೋಗುತ್ತದೆ. ಆಗ ಎರಡು ಕ್ಲಿಕ್ ತೆರೆಯಬೇಕು. ಈ ವ್ಯತ್ಯಾಸ ಸವಾರನಿಗೆ ಹೇಳಲು ಬರಬೇಕು, ಇಲ್ಲವಾದರೆ ಮೆಕ್ಯಾನಿಕ್ ಊಹೆಯಲ್ಲೇ ತಿರುಗಿಸುತ್ತಾನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಕ್ಲಿಕ್, ಮತ್ತು ಶಾಕಿನ ಆಯಿಲ್ ಬಿಸಿಯಾದ ಮೇಲಿನ ಸುತ್ತುಗಳಲ್ಲೇ ತೀರ್ಮಾನ. ಫೋರ್ಕಿನ ಕೆಳಕೊಳವೆಗೆ ತೆಳು ಕೇಬಲ್ ಟೈ ಸುತ್ತಿದರೆ ಎಷ್ಟು ಚಲನೆ ಬಳಕೆಯಾಯಿತು ಕಾಣುತ್ತದೆ. ಅತಿ ದೊಡ್ಡ ಜಂಪಿನಲ್ಲಿ ಕೊನೆಯ ಅಂಚನ್ನು ಹಗುರಾಗಿ ಮುಟ್ಟಬೇಕು. ಎಂದೂ ಮುಟ್ಟದಿದ್ದರೆ ಇರುವ ಚಲನೆಯನ್ನು ಸವಾರ ಪೋಲು ಮಾಡುತ್ತಿದ್ದಾನೆ.

ಮೋಟೊಕ್ರಾಸ್ ವಿಶ್ವ ಚಾಂಪಿಯನ್‌ಷಿಪ್ ಆದ ಎಂಎಕ್ಸ್‌ಜಿಪಿಯಲ್ಲಿ ಭಾನುವಾರದ ಎರಡೂ ರೇಸ್ 30 ನಿಮಿಷ ಮತ್ತು 2 ಸುತ್ತು. ಬೆಳಗಿನ ಅಭ್ಯಾಸದ ನುಣುಪು ಟ್ರ್ಯಾಕಿಗೆ ಹಿತವಾಗಿದ್ದ ಹೊಂದಿಕೆ ಎರಡನೇ ರೇಸಿನ ಹೊತ್ತಿಗೆ ಮೆದುವಾಗುತ್ತದೆ. ಬೆಳಿಗ್ಗೆ ಕೊಂಚ ಗಡುಸೆನಿಸಿದರೂ ಹಾಗೇ ಬಿಡುತ್ತೇನೆ. ಬೆಲ್ಜಿಯಂನ ಲೊಮೆಲ್‌ನಂಥ ಆಳ ಮರಳಿಗೆ ಫೋರ್ಕ್ ಕಂಪ್ರೆಷನ್ 2-3 ಕ್ಲಿಕ್ ಹೆಚ್ಚು ಮುಚ್ಚಬೇಕು, ಹಿಂಬದಿ ಸ್ಯಾಗ್ ಇನ್ನೂ 3 ಮಿ.ಮೀ. ಹೆಚ್ಚು, ಹಿಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚು. ಮುಂಚಕ್ರ ಮರಳಿಗೆ ನಾಟಿಕೊಳ್ಳದಂತೆ ತಡೆಯುವುದೇ ಅಲ್ಲಿನ ಕೆಲಸ.

ಗೇರಿಂಗ್ ಲೆಕ್ಕ ಸರಳ. ಮುಂದಿನ ಸ್ಪ್ರಾಕೆಟ್ಟಿಗೆ 13, ಹಿಂದಿನದಕ್ಕೆ 48 ಹಲ್ಲು, ಅಂದರೆ 13/48 ಇದ್ದರೆ ಅನುಪಾತ 3.69, 13/49 ಅಂದರೆ 3.77, ಎರಡು ಶೇಕಡಾ ಮಾತ್ರ ವ್ಯತ್ಯಾಸ. ಮುಂದಿನದು 14 ಆದರೆ 3.43ಕ್ಕೆ ಇಳಿಯುತ್ತದೆ, ಹಾಗಾಗಿ ಸಣ್ಣ ತಿದ್ದುಪಡಿ ಹಿಂದಿನ ಸ್ಪ್ರಾಕೆಟ್ಟಿನಲ್ಲೇ ಮಾಡಬೇಕು. ಚೈನ್ ತುಸು ಸಡಿಲ ಇರಲಿ: ಚೈನ್ ಉಜ್ಜದಂತೆ ಹಾಕಿದ ಸ್ಲೈಡರ್‌ನ ಹಿಂದೆ, ಹಿಂಚಕ್ರ ಹಿಡಿದ ಸ್ವಿಂಗ್‌ಆರ್ಮ್ ಮತ್ತು ಚೈನ್ ನಡುವೆ ಮೂರು ಬೆರಳು ತೂರಬೇಕು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಆಗ ಸಡಿಲ ಉಳಿದಿರದಿದ್ದರೆ ಸಸ್ಪೆನ್ಷನ್ ಅಲ್ಲೇ ತಡೆದು ನಿಲ್ಲುತ್ತದೆ, ಗೇರ್‌ಬಾಕ್ಸ್ ಬೇರಿಂಗ್ ಹಾಳಾಗುತ್ತದೆ.

ಟ್ಯೂಬ್ ಇರುವ ಟೈರಿಗೆ 12ರಿಂದ 14 ಪಿಎಸ್‌ಐ, ರೇಸ್ ಶುರುವಾಗುವ ಗೇಟಿಗೆ ಹೋಗುವ ಮುನ್ನ ಅಳೆಯುತ್ತೇನೆ. ಬಿಸಿಲಿಗೆ ನಿಂತ ಬೈಕಿನಲ್ಲಿ ಒಂದೆರಡು ಪಿಎಸ್‌ಐ ಏರಿರುತ್ತದೆ. ಮೊದಲ ರೇಸ್ ಮುಗಿದ ಕೂಡಲೇ ಚಕ್ರದ ಕಡ್ಡಿಗಳನ್ನು, ಅದರಲ್ಲೂ ಟೈರನ್ನು ರಿಮ್ಮಿಗೆ ಹಿಡಿದಿಡುವ ರಿಮ್ ಲಾಕ್ ಅಕ್ಕಪಕ್ಕದವನ್ನು ಪರೀಕ್ಷಿಸಬೇಕು. ಮೊದಲು ಸಡಿಲಾಗುವುದು ಅಲ್ಲಿಯೇ. ಸಡಿಲವಿದ್ದರೆ ಪ್ರತಿ ಮೂರನೆಯ ಕಡ್ಡಿಗೆ ಕಾಲು ಸುತ್ತು, ಹಾಗೆ ಪ್ರತಿ ಸಲ ಪಕ್ಕದ ಕಡ್ಡಿಯಿಂದ ಶುರುಮಾಡಿ ಮೂರು ಸಲ ಚಕ್ರ ಸುತ್ತಿ ಬಂದರೆ ಎಲ್ಲವೂ ಸಮವಾಗಿ ಬಿಗಿಯುತ್ತವೆ. ಸಾಲಾಗಿ ಬಿಗಿದರೆ ರಿಮ್ ಸೊಟ್ಟಗಾಗುತ್ತದೆ.