ಇನ್ಸುಲಿನ್ ತೆಗೆದುಕೊಳ್ಳುವವರು ಗಾಡಿ ಹತ್ತುವ ಮುನ್ನ

ಸಕ್ಕರೆ ಕಾಯಿಲೆ ಇದ್ದವರೆಲ್ಲ ಗಾಡಿ ಓಡಿಸಲು ಹೆದರಬೇಕಿಲ್ಲ. ದಾರಿಯಲ್ಲಿ ಶುಗರ್ ಏಕಾಏಕಿ ಇಳಿಯುವ ಭಯ ಹೆಚ್ಚಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಅದು ಅಪರೂಪ. ಆದರೆ ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧಿ ಸೇರಿರುವುದು ನಮ್ಮಲ್ಲಿ ಸಾಮಾನ್ಯ. ಆದ್ದರಿಂದ ಮಾತ್ರೆ ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿ.

ಹೊರಡುವ ಮುನ್ನ ಕೈ ತೊಳೆದು ಒರೆಸಿಕೊಂಡು ಬೆರಳು ಚುಚ್ಚಿ ಮೀಟರಿನಲ್ಲಿ ಶುಗರ್ ನೋಡಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಸುಳ್ಳು ಹೆಚ್ಚಳ ಬರುತ್ತದೆ. 90ಕ್ಕಿಂತ (mg/dL) ಮೇಲಿದ್ದರೆ ಹೊರಡಿ. 70ರಿಂದ 90ರೊಳಗಿದ್ದರೆ ಮೊದಲು ಏನಾದರೂ ತಿನ್ನಿ. 70ಕ್ಕಿಂತ ಕೆಳಗಿದ್ದರೆ ಕೀ ಮುಟ್ಟಬೇಡಿ. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ಮತ್ತೆ ನೋಡಿ. ಇನ್ಸುಲಿನ್ ಬಳಸುವ ಚಾಲಕರಿಗೆ ಬ್ರಿಟನ್ ಹಾಕಿರುವ ನಿಯಮವೂ ಹೆಚ್ಚುಕಡಿಮೆ ಇದೇ. ಇನ್ಸುಲಿನ್ ಚುಚ್ಚಿಕೊಂಡು, ಊಟ ದಾರಿಯಲ್ಲಿ ಮಾಡೋಣ ಎಂದು ಹೊರಡುವುದು ಎಲ್ಲಕ್ಕಿಂತ ಕೆಟ್ಟದ್ದು. ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡರೆ ಊಟ ಯಾವಾಗ ಎಂದು ಯಾರೂ ಹೇಳಲಾರರು.

ಬೆವರು, ಕೈ ನಡುಕ, ಎದೆ ಬಡಿತ, ತಡೆಯಲಾಗದ ಹಸಿವು, ಕಣ್ಣು ಮಂಜು: ಇಷ್ಟರಲ್ಲಿ ಒಂದು ಕಂಡರೂ ಎಡಕ್ಕೆ ಸರಿದು ನಿಲ್ಲಿಸಿ. ಎಂಜಿನ್ ಆರಿಸಿ, ಕೀ ತೆಗೆದು, ಚಾಲಕನ ಸೀಟು ಬಿಟ್ಟು ಬನ್ನಿ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ನಡುಕ, ಬಡಿತ ಗೊತ್ತಾಗದೇ ಇರಬಹುದು. ಅವರು ಬೆವರನ್ನು ನಂಬಲಿ, ಮೀಟರನ್ನು ಇನ್ನೂ ಹೆಚ್ಚು ನಂಬಲಿ.

ತಕ್ಷಣ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಯಿರಿ. ಇಲ್ಲವೇ ಅಷ್ಟೇ ಸಕ್ಕರೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಬೆರೆತ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಸಾಲದು. ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧಿ ನಿಧಾನ ಮಾಡುತ್ತದೆ. ಅವರ ಗಾಡಿಯಲ್ಲಿ ಗ್ಲೂಕೋಸೇ ಇರಬೇಕು. ಹದಿನೈದು ನಿಮಿಷ ಬಿಟ್ಟು ನೋಡಿ, ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ ಕುಡಿಯಿರಿ. ದಾಟಿದ ಮೇಲೆ ಬಿಸ್ಕತ್ತೋ ಚಪಾತಿಯೋ ತಿನ್ನಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪಕ್ಕದಲ್ಲಿರುವವರಿಗೆ ಒಂದು ಮಾತು: ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಮೀಟರ್ 110 ತೋರಿಸಿತೆಂದು ಕೂಡಲೇ ಹೊರಟುಬಿಡುತ್ತಾರೆ. ರಕ್ತದಲ್ಲಿ ಶುಗರ್ ಏರಿದರೂ ಮಿದುಳಿನ ಚುರುಕು ಮರಳಲು ಇನ್ನಷ್ಟು ಹೊತ್ತು ಬೇಕು. 90 ದಾಟಿದ ಮೇಲೂ 45 ನಿಮಿಷ ಕಾಯಿರಿ. ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಅಂಟಿಸಿಕೊಂಡವರೂ ಇಂಥ ಹೊತ್ತಿನಲ್ಲಿ ಬೆರಳು ಚುಚ್ಚಿಯೇ ನೋಡಿ. ಶುಗರ್ ಬೇಗ ಬದಲಾಗುವಾಗ ಸೆನ್ಸರ್ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಲೋ ಶುಗರ್ ಆದದ್ದೇ ತಿಳಿಯದೆ ಹೋಗುತ್ತಿದ್ದರೆ ವೈದ್ಯರು ಔಷಧಿ ಸರಿಪಡಿಸುವವರೆಗೆ ಗಾಡಿ ಓಡಿಸಬೇಡಿ.

ಗ್ಲೂಕೋಸ್ ಡಬ್ಬಿ ಡಿಕ್ಕಿಯಲ್ಲಿ ಬೇಡ, ಕೂತಲ್ಲೇ ಕೈಗೆಟುಕಲಿ. ಇನ್ಸುಲಿನ್ ಮತ್ತು ಮೀಟರಿನ ಸ್ಟ್ರಿಪ್ ಡಬ್ಬಿಯನ್ನು ಮಾತ್ರ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡದೆ ಜೊತೆಗೇ ಒಯ್ಯಿರಿ. ಕಾವಿಗೆ ಎರಡೂ ಕೆಡುತ್ತವೆ.