ಹುರುಳಿಕಾಯಿ ಬೀಜ ಎತ್ತಿಡುವವರಿಗೆ

ಹಾಸನದ ಕಡೆ ಮಳೆಗಾಲದಲ್ಲಿ ಹುರುಳಿಕಾಯಿ ಹಾಕಿದವರು ಎಲೆಯ ಅಡಿಭಾಗವನ್ನು ಬೆರಳಲ್ಲಿ ಉಜ್ಜಿ ನೋಡಿ. ಕಂದು ಪುಡಿ ಅಂಟಿದರೆ ತುಕ್ಕು ರೋಗ. ಬೀಜಕ್ಕೆ ಅಂತ ಬಿಟ್ಟ ಒಂದು ಸಾಲಿಗೆ ಔಷಧಿ ಹೊಡೆಯಬೇಡಿ. ಹೊಡೆದರೆ ಯಾವ ಗಿಡಕ್ಕೆ ತಾಕತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ಸುತ್ತ ರೋಗವಿದ್ದೂ ಚೆನ್ನಾಗಿ ಕಾಯಿ ಬಿಟ್ಟ ಗಿಡಕ್ಕೆ ದಾರ ಕಟ್ಟಿ. ಒಂದೊಂದು ಗಿಡದ ಬೀಜವನ್ನೂ ಬೇರೆ ಪೊಟ್ಟಣದಲ್ಲಿಟ್ಟು, ಮುಂದಿನ ಸಲ ಬೇರೆ ಸಾಲಲ್ಲೇ ಬಿತ್ತಿ. ಈ ಕೆಲಸಕ್ಕೆ ನಾಟಿ ಬೀಜವೇ ವಾಸಿ, ಅದರಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಜಾಸ್ತಿ. ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಗುಣ ಬೇಗ ಕೆಡುವುದಿಲ್ಲ. ಕಾಯಿ ಮೇಲೆ ತಗ್ಗಾದ ಕಪ್ಪು ಚುಕ್ಕೆ ಇದ್ದರೆ ಮಾತ್ರ ಆ ಬೀಜ ಬೇಡವೇ ಬೇಡ. ಅದು ಚಿಬ್ಬು ರೋಗ, ಬೀಜದಲ್ಲೇ ಬರುತ್ತದೆ. ಇಷ್ಟೆಲ್ಲ ಪುರುಸೊತ್ತಿಲ್ಲದವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನೂಪ್ ಹಾಕಿ, ತುಕ್ಕು ತಡೆಯುವ ತಳಿ.